ಬಣ್ಣದ ಬಂದೂಕು, 3–3ರ ಸೆಮಿಫೈನಲ್: ಒಂದು ಪ್ರಕರಣ ಅಧ್ಯಯನ

ಮಧ್ಯ ಕರ್ನಾಟಕದ ಒಂದು ತಾಲೂಕು ಕೇಂದ್ರ. ಅಲ್ಲಿನ ಪದವಿ ಕಾಲೇಜೊಂದರ ವಾರ್ಷಿಕೋತ್ಸವದಲ್ಲಿ 2023ರಲ್ಲಿ ಮೊದಲ ಸಲ ಮೊಬೈಲ್ ಗೇಮ್ ಸ್ಪರ್ಧೆ ಇಟ್ಟರು. ಕಾಲೇಜಿನ ಹೆಸರು, ಊರು, ಹುಡುಗರ ಹೆಸರು ಯಾವುದೂ ಇಲ್ಲಿ ಬರುವುದಿಲ್ಲ. ಗುರುತು ಹತ್ತಬಾರದೆಂದು ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ಜಗಳವಾಡಿದ ಎರಡು ತಂಡಗಳನ್ನು ಪೇಟೆ ತಂಡ, ಹಾಸ್ಟೆಲ್ ತಂಡ ಅಂತ ಕರೆಯೋಣ. ಸಂಘಟಕರಲ್ಲಿ ನಾನು ಇರಲಿಲ್ಲ. ಸುತ್ತಮುತ್ತಲಿನ ಕೆಲವು ಟೂರ್ನಮೆಂಟುಗಳಿಗೆ ನಿಯಮ ಬರೆದುಕೊಟ್ಟಿದ್ದೆ. ಅದಕ್ಕೇ ಗಲಾಟೆ ಆದ ಸಂಜೆ ನನಗೆ ಫೋನ್ ಬಂತು.

ಆಟ ಫ್ರೀ ಫೈರ್ ಮ್ಯಾಕ್ಸ್, ಅಂದರೆ ಫ್ರೀ ಫೈರ್ ಎಂಬ ಮೊಬೈಲ್ ಶೂಟಿಂಗ್ ಆಟದ ಇನ್ನೊಂದು ರೂಪ. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಮೊಬೈಲ್ ನಿಷೇಧವಾದ ಮೇಲೆ ನಮ್ಮ ಕಡೆಯ ಹುಡುಗರು ಗುಂಪುಗುಂಪಾಗಿ ಫ್ರೀ ಫೈರ್‌ಗೆ ಬಂದರು. ಕಡಿಮೆ ಬೆಲೆಯ ಫೋನಿನಲ್ಲೂ ಅದು ಓಡುತ್ತದೆ. 2022ರ ಫೆಬ್ರವರಿಯಲ್ಲಿ ಮೂಲ ಫ್ರೀ ಫೈರ್ ಕೂಡ ನಿಷೇಧದ ಪಟ್ಟಿಗೆ ಸೇರಿತು, ಮ್ಯಾಕ್ಸ್ ಉಳಿಯಿತು. ಹಳೆಯ ಐಡಿಯೇ ಮ್ಯಾಕ್ಸ್‌ನಲ್ಲೂ ನಡೆಯುತ್ತಿದ್ದರಿಂದ ಯಾರೂ ಏನೂ ಕಳೆದುಕೊಳ್ಳಲಿಲ್ಲ. ಕಷ್ಟಪಟ್ಟು ಕೂಡಿಸಿದ ಬಟ್ಟೆ, ಗನ್ ಸ್ಕಿನ್ ಎಲ್ಲವೂ ಹಾಗೇ ಬಂದವು.

ಸ್ಪರ್ಧೆ ಕ್ಲಾಶ್ ಸ್ಕ್ವಾಡ್ ಮಾದರಿಯಲ್ಲಿತ್ತು. ನಾಲ್ವರ ಎದುರು ನಾಲ್ವರು, ಮೊದಲು ನಾಲ್ಕು ರೌಂಡ್ ಗೆದ್ದವರದು ಪಂದ್ಯ. ಪ್ರತಿ ರೌಂಡಿಗೂ ಮೊದಲು ಆಟದೊಳಗಿನ ಕಾಸಿನಿಂದ ಗನ್ ಕೊಳ್ಳಬೇಕು. ಮೇಲ್ನೋಟಕ್ಕೆ ಎಲ್ಲರೂ ಒಂದೇ ಗೆರೆಯಿಂದ ಓಡುತ್ತಿರುವಂತೆ ಕಾಣುತ್ತದೆ. ಪ್ರವೇಶ ಶುಲ್ಕ ಇರಲಿಲ್ಲ. ದುಡ್ಡು ಕಟ್ಟಿಸಿಕೊಂಡು ಆಡಿಸಿದರೆ ನಾಳೆ ಪೋಷಕರು ಬಂದು ಕೇಳ್ತಾರೆ ಅಂತ ಪ್ರಾಂಶುಪಾಲರು ಒಪ್ಪಿರಲಿಲ್ಲ. ಅದು ಒಳ್ಳೆಯದೇ ಆಯಿತು. ದುಡ್ಡು ಸೇರಿದ್ದರೆ ಮುಂದಿನ ಜಗಳ ಇಷ್ಟರಲ್ಲಿ ಮುಗಿಯುತ್ತಿರಲಿಲ್ಲ.

ಸ್ಕಿನ್ ಅಂದರೇನು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಬಹಳಷ್ಟು ಶೂಟಿಂಗ್ ಆಟಗಳಲ್ಲಿ ಸ್ಕಿನ್ ಅಂದರೆ ಬರೀ ಬಣ್ಣ. ಗನ್ ಅದೇ, ಗುಂಡು ಅದೇ, ಮೇಲಿನ ಚಿತ್ರ ಮಾತ್ರ ಬೇರೆ. ಫ್ರೀ ಫೈರ್‌ನಲ್ಲೂ ಬಟ್ಟೆಗಳು ಹೀಗೆಯೇ. ಆದರೆ ಗನ್ ಸ್ಕಿನ್‌ಗಳ ಕಥೆ ಬೇರೆ. ಒಂದೊಂದರ ಕೆಳಗೂ ಸಣ್ಣ ಪ್ಲಸ್, ಮೈನಸ್ ಗುರುತುಗಳಿರುತ್ತವೆ. ಡ್ಯಾಮೇಜ್ (ಗುಂಡಿನ ಏಟು) ಸ್ವಲ್ಪ ಜಾಸ್ತಿ, ಗುಂಡು ಹಾರಿಸುವ ವೇಗ ಇನ್ನೂ ಸ್ವಲ್ಪ ಜಾಸ್ತಿ, ಬದಲಿಗೆ ರೀಲೋಡ್ (ಗುಂಡು ತುಂಬುವುದು) ನಿಧಾನ. ಹೀಗೆ ಎರಡು ಕೊಟ್ಟು ಒಂದು ಕಿತ್ತುಕೊಳ್ಳುತ್ತಾರೆ. ಒಳ್ಳೆಯ ಸ್ಕಿನ್ ಬೇಕಾದರೆ ಡೈಮಂಡ್ (ನಿಜವಾದ ದುಡ್ಡು ಕೊಟ್ಟು ಕೊಳ್ಳುವ ಆಟದ ನಾಣ್ಯ) ಟಾಪ್ ಅಪ್ ಮಾಡಿ ಚಕ್ರ ತಿರುಗಿಸಬೇಕು, ಸಿಗುವುದು ಬಿಡುವುದು ಅದೃಷ್ಟ. ಗನ್ ಸ್ಕಿನ್ನಿನ ಈ ಗುಣಗಳನ್ನು ಹುಡುಗರು ‘ಗನ್ ಆಟ್ರಿಬ್ಯೂಟ್’ ಅನ್ನುತ್ತಾರೆ. ಕಸ್ಟಮ್ ರೂಮ್, ಅಂದರೆ ಆಟದೊಳಗೆ ತಮ್ಮವರಿಗಷ್ಟೇ ಬೇರೆ ಪಂದ್ಯ, ಮಾಡುವವರು ಇದನ್ನು ಆನ್ ಅಥವಾ ಆಫ್ ಮಾಡಬಹುದು. ‘ಗನ್ ಆಟ್ರಿಬ್ಯೂಟ್ ಆಫ್’ ಅಂತ ಟೂರ್ನಮೆಂಟ್ ಪೋಸ್ಟರಿನಲ್ಲಿ ಬರೆಯುವುದು ಈ ಆಟ ಗೊತ್ತಿದ್ದವರಿಗೆ ಮಾಮೂಲು.

ಈ ಕಾಲೇಜಿನ ಪೋಸ್ಟರಿನಲ್ಲಿ ದಿನಾಂಕ, ಬಹುಮಾನ, ‘ಚಾರ್ಜರ್ ನೀವೇ ತನ್ನಿ’ ಎಂಬ ಸೂಚನೆ, ಎಲ್ಲಾ ಇತ್ತು. ಈ ಒಂದು ಸಾಲು ಮಾತ್ರ ಇರಲಿಲ್ಲ.

ಜಗಳ

ಸೆಮಿಫೈನಲ್ 3–3ಕ್ಕೆ ಬಂದು ನಿಂತಿತ್ತು. ಸೆಮಿನಾರ್ ಹಾಲಿನಲ್ಲಿ ಪರದೆಯ ಮೇಲೆ ಪಂದ್ಯ ತೋರಿಸುತ್ತಿದ್ದರು. ಕೊನೆಯ ರೌಂಡಿನಲ್ಲಿ ಎರಡೂ ಕಡೆ ಒಬ್ಬೊಬ್ಬರೇ ಉಳಿದರು, ಇಬ್ಬರೂ ನಾಯಕರು. ಆಟದ ನಕ್ಷೆಯ ಕ್ಲಾಕ್ ಟವರ್ ಹತ್ತಿರ ಒಂದು ಗೋಡೆಯ ಮೂಲೆಯಲ್ಲಿ ಎದುರುಬದುರಾದರು. ಇಬ್ಬರ ಕೈಯಲ್ಲೂ ಎಂಪಿ40. ಪೇಟೆ ನಾಯಕನ ಎಂಪಿ40ಕ್ಕೆ ದುಬಾರಿ ಸ್ಕಿನ್, ಹಾಸ್ಟೆಲ್ ನಾಯಕನದು ಬರೀ ಗನ್. ಕಣ್ಣು ಮಿಟುಕಿಸುವಷ್ಟರಲ್ಲಿ ಹಾಸ್ಟೆಲ್ ಹುಡುಗ ಬಿದ್ದ. ಪೇಟೆ ನಾಯಕನ ಉಳಿದ ಜೀವ ತೋರಿಸುವ ಆರೋಗ್ಯದ ಪಟ್ಟಿ ಕೂಡ ಆಗ ಬಹುತೇಕ ಖಾಲಿಯಾಗಿತ್ತು. ಇನ್ನೊಂದು ಗುಂಡು ತಾಗಿದ್ದರೆ ಕಥೆ ಉಲ್ಟಾ ಆಗುತ್ತಿತ್ತು.

ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಹಾಸ್ಟೆಲ್ ನಾಯಕ ಫೋನ್ ಹಿಡಿದುಕೊಂಡು ಸಂಘಟಕರ ಟೇಬಲ್ಲಿಗೆ ಬಂದ. ಪಂದ್ಯ ಶುರುವಾಗುವ ಮುಂಚೆಯೇ ರೂಮಿನ ಸೆಟ್ಟಿಂಗ್ ಪುಟವನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದ. “ಗನ್ ಆಟ್ರಿಬ್ಯೂಟ್ ಆನ್ ಇದೆ ನೋಡಿ ಸರ್,” ಅಂದ.

“ಮೊದಲೇ ಯಾಕಪ್ಪಾ ಹೇಳಲಿಲ್ಲ?” ಅಂತ ಕೇಳಿದರು.

“ಹೇಳಿದ್ರೆ ಸೋಲೋಕೆ ಮುಂಚೆನೇ ನೆಪ ಹುಡುಕ್ತಾವ್ರೆ ಅಂತೀರಾ ಸರ್.”

ಈ ಉತ್ತರ ನನಗೆ ಬಹಳ ಹಿಡಿಸಿತು. ಸಣ್ಣ ತಂಡಗಳು ದೂರು ಕೊಡಲು ಯಾಕೆ ತಡ ಮಾಡುತ್ತವೆ ಅನ್ನುವುದಕ್ಕೆ ಇದಕ್ಕಿಂತ ಚೆನ್ನಾಗಿ ಯಾರೂ ಕಾರಣ ಕೊಟ್ಟಿಲ್ಲ.

ಸಂಘಟಕರು ಮೊದಲು ಫಲಿತಾಂಶವನ್ನೇ ಉಳಿಸಿದರು. ನಿಯಮದಲ್ಲಿ ಇಲ್ಲದ್ದನ್ನು ಈಗ ತರೋದು ಹೇಗೆ ಅನ್ನುವುದು ಅವರ ವಾದ. ತಪ್ಪು ವಾದವೇನಲ್ಲ. ಆದರೆ ಹಾಲ್ ತುಂಬಾ ಹುಡುಗರಿದ್ದರು. “ದುಡ್ಡಿನ ಗನ್, ದುಡ್ಡಿನ ಕಪ್” ಅಂತ ಹಿಂದಿನಿಂದ ಕೂಗು ಶುರುವಾಯಿತು. ಪೇಟೆ ತಂಡದವರೂ ಎದ್ದು ನಿಂತರು. ಇಬ್ಬರು ಕಾಲರ್ ಹಿಡಿದುಕೊಂಡ ಮೇಲೆ ಮೇಷ್ಟ್ರುಗಳು ಬಂದು, ಫೈನಲ್ ಮುಂದಕ್ಕೆ ಹಾಕಿ, ಎಲ್ಲರನ್ನೂ ಮನೆಗೆ ಕಳಿಸಿದರು.

ಮೇಜಿನ ಸುತ್ತ

ಮರುದಿನ ಬೆಳಿಗ್ಗೆ ಪಿ.ಟಿ. ಮೇಷ್ಟ್ರು, ಭೌತಶಾಸ್ತ್ರದ ಮೇಡಂ, ಇಬ್ಬರು ವಿದ್ಯಾರ್ಥಿ ಸಂಘಟಕರು, ಎರಡು ತಂಡದ ನಾಯಕರು, ನಾನು ಕೂತೆವು. ಪೇಟೆ ನಾಯಕ ಚೆನ್ನಾಗಿಯೇ ಮಾತಾಡಿದ. ಅವನನ್ನು ಖಳನಾಯಕ ಅಂದುಕೊಳ್ಳಬೇಡಿ. “ನಾನು ಹ್ಯಾಕ್ ಹಾಕಿಲ್ಲ ಸರ್. ಗೇಮ್‌ನೋರೇ ಕೊಟ್ಟಿರೋದು. ನನ್ನ ಪಾಕೆಟ್ ಮನಿಯಲ್ಲಿ ತಗೊಂಡಿರೋದು. ಕ್ರಿಕೆಟ್‌ನಲ್ಲಿ ಒಬ್ಬ ಒಳ್ಳೇ ಬ್ಯಾಟ್ ತಂದ್ರೆ ಬಿಸಾಕು ಅಂತೀರಾ?” ಅಂತ ಕೇಳಿದ.

ಪಿ.ಟಿ. ಮೇಷ್ಟ್ರಿಗೆ ಈ ಗೇಮಿನ ಗಂಧಗಾಳಿ ಇರಲಿಲ್ಲ. ಆದರೆ ಕ್ರಿಕೆಟ್ ಅಂದ ಕೂಡಲೇ ನೇರ ಕೂತರು. “ಒಳ್ಳೇ ಬ್ಯಾಟ್ ತರಬಹುದು ಕಣೋ. ಆದ್ರೆ 2017ರಿಂದ ಬ್ಯಾಟಿನ ಅಂಚು 40 ಮಿಲಿಮೀಟರ್ ದಾಟೋ ಹಾಗಿಲ್ಲ, ದಪ್ಪ 67 ದಾಟೋ ಹಾಗಿಲ್ಲ. ಸ್ಟಿಕ್ಕರ್ ಯಾವ್ದು ಬೇಕಾದ್ರೂ ಅಂಟಿಸ್ಕೊ. ಅಳತೆ ಮಾತ್ರ ಎಲ್ಲರಿಗೂ ಒಂದೇ,” ಅಂದರು.

ಅಲ್ಲಿಗೆ ಚರ್ಚೆ ದಾರಿಗೆ ಬಂತು. ಸ್ಟಿಕ್ಕರ್ ಯಾವುದು, ಅಳತೆ ಯಾವುದು ಅನ್ನುವುದೇ ಪ್ರಶ್ನೆ. ಫ್ರೀ ಫೈರ್ ಎರಡನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿ ಮಾರುತ್ತದೆ, ತೊಂದರೆಯ ಮೂಲ ಅದು.

ಹಾಸ್ಟೆಲ್ ಹುಡುಗನ ಗೆಳೆಯರು ಇನ್ನೊಂದು ದಾರಿ ಸೂಚಿಸಿದ್ದರಂತೆ: ಸ್ಕಿನ್ ಇರುವ ಐಡಿಯನ್ನು ಯಾರಿಂದಾದರೂ ಕಡ ತಂದುಬಿಡೋಣ, ಸಮ ಆಗುತ್ತೆ. ವಿದ್ಯಾರ್ಥಿ ಸಂಘಟಕರಿಗೂ ಇದು ಸುಲಭ ಅನ್ನಿಸಿತು. ನಾನು ಬೇಡ ಅಂದೆ. ಐಡಿ ಕಡ ಅಂದರೆ ಪಾಸ್‌ವರ್ಡ್ ಕಡ. ಸ್ಪರ್ಧೆ ಮುಗಿಯುವ ಹೊತ್ತಿಗೆ ಯಾರ ಐಡಿ ಯಾರ ಕೈಯಲ್ಲಿ ಅಂತ ಪೊಲೀಸ್ ಠಾಣೆಗೆ ಹೋಗಬೇಕಾಗುತ್ತದೆ. ಅದಿರಲಿ, ಆಮೇಲೆ ಗೆಲ್ಲುವವನು ಚೆನ್ನಾಗಿ ಆಡುವವನಲ್ಲ, ಅಣ್ಣ-ತಮ್ಮಂದಿರು ಜಾಸ್ತಿ ಇರುವವನು.

ಬೇರೆ ಆಟಗಳಲ್ಲಿ ಏನು ಮಾಡಿದ್ದಾರೆ ಅಂತ ಮೇಡಂ ಕೇಳಿದರು. ನನಗೆ ನೆನಪಾದದ್ದು ಟೀಮ್ ಫೋರ್ಟ್ರೆಸ್ 2. 2010ರಲ್ಲಿ ವಾಲ್ವ್ ಕಂಪನಿ ಅದರಲ್ಲಿ ‘ಸೆಟ್’ಗಳನ್ನು ತಂದಿತು. ಕೆಲವು ಆಯುಧ, ಜೊತೆಗೊಂದು ಟೋಪಿ. ಪೂರ್ತಿ ಸೆಟ್ ಹಾಕಿಕೊಂಡರೆ ಮೇಲೊಂದು ಲಾಭ. ಸ್ನೈಪರ್ ತನ್ನ ಸೆಟ್ ಹಾಕಿಕೊಂಡರೆ ತಲೆಗೆ ಬಿದ್ದ ಹೊಡೆತದಿಂದ ಸಾಯುತ್ತಿರಲಿಲ್ಲ. ಸ್ಕೌಟ್‌ಗೆ 25 ಪಾಯಿಂಟ್ ಆರೋಗ್ಯ ಜಾಸ್ತಿ. ಟೋಪಿ ಇಲ್ಲದವನಿಗೆ ಅದು ಇಲ್ಲ. ಟೋಪಿ ಸಿಗುವುದೋ ಅದೃಷ್ಟದಿಂದ, ವಿನಿಮಯದಿಂದ, ಇಲ್ಲ ದುಡ್ಡಿನಿಂದ. ಆಟಗಾರರು ಬೈದರು. 2013ರಲ್ಲಿ ವಾಲ್ವ್ ಟೋಪಿಗೆ ಅಂಟಿದ್ದ ಆ ಲಾಭಗಳನ್ನು ತೆಗೆದುಹಾಕಿತು. ಟೋಪಿ ಮತ್ತೆ ಬರೀ ಟೋಪಿಯಾಯಿತು.

“ಗುಣ ಇಲ್ದಿದ್ರೆ ಯಾರು ಕೊಳ್ತಾರೆ?” ಅಂತ ಪೇಟೆ ನಾಯಕ. ಅದಕ್ಕೂ ಅದೇ ಕಂಪನಿಯ ಇನ್ನೊಂದು ಆಟದಲ್ಲಿ ಉತ್ತರ ಇದೆ. ಕೌಂಟರ್ ಸ್ಟ್ರೈಕ್‌ಗೆ 2013ರ ಆಗಸ್ಟಿನಲ್ಲಿ ಗನ್ ಸ್ಕಿನ್ ಬಂದವು. ಅವುಗಳಿಂದ ಗುಂಡಿನ ಏಟು ಒಂದು ಚೂರೂ ಬದಲಾಗುವುದಿಲ್ಲ. ಆದರೂ ಜನ ಮುಗಿಬಿದ್ದು ಕೊಂಡರು, ಇವತ್ತಿಗೂ ಕೊಳ್ಳುತ್ತಿದ್ದಾರೆ. ಅಂದವೇ ಸಾಕಷ್ಟು ದೊಡ್ಡ ವ್ಯಾಪಾರ.

ಅಳೆದು ನೋಡಿದ್ದು

ಸ್ಕಿನ್‌ನಿಂದ ನಿಜಕ್ಕೂ ವ್ಯತ್ಯಾಸ ಆಗುತ್ತದೆಯೇ, ಇಲ್ಲ ಸೋತವರ ಮನಸ್ಸಿನ ಭ್ರಮೆಯೇ? ಬಾಯಿಮಾತಿನ ವಾದ ಸಾಕು, ಅಳೆದೇ ನೋಡೋಣ ಅಂದರು ಮೇಡಂ. ಒಂದು ರೂಮ್ ಮಾಡಿಸಿದರು. ಅದೇ ಹುಡುಗ, ಅದೇ ಫೋನ್, ಅದೇ ಸ್ಕಿನ್. ಒಮ್ಮೆ ಆಟ್ರಿಬ್ಯೂಟ್ ಆನ್, ಒಮ್ಮೆ ಆಫ್. ಗೋಡೆಗೆ ಗುರಿ ಇಟ್ಟು ಮ್ಯಾಗಜಿನ್ ಖಾಲಿಯಾಗುವವರೆಗೆ ಬೆರಳು ಎತ್ತದೆ ಹೊಡೆಯಬೇಕು. ಇನ್ನೊಂದು ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೊ ತೆಗೆದರು. ಆಮೇಲೆ ಮೊದಲ ಬೆಂಕಿಯ ಚಿಮ್ಮು ಕಂಡ ಫ್ರೇಮಿನಿಂದ ಕೊನೆಯದರವರೆಗೆ ಒಂದೊಂದೇ ಫ್ರೇಮ್ ಸರಿಸುತ್ತಾ ಎಣಿಸಿದರು. ಹುಡುಗರು ಮೇಡಂ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದರು, ಯಾರೂ ಉಸಿರೆತ್ತಲಿಲ್ಲ. ಆನ್ ಇದ್ದಾಗ ಮ್ಯಾಗಜಿನ್ ಬೇಗ ಖಾಲಿಯಾಗುತ್ತಿತ್ತು. ಅಂತರ ಬಹಳ ಸಣ್ಣದು. ಕಣ್ಣಿಗೆ ಹಾಗೇ ಗೊತ್ತಾಗುವುದಿಲ್ಲ, ಎಣಿಸಿದರೆ ಮಾತ್ರ ಸಿಗುತ್ತದೆ.

“ಇಷ್ಟೇನಾ?” ಅಂದ ಪೇಟೆ ನಾಯಕ, ಸ್ವಲ್ಪ ನಿರಾಳವಾಗಿ.

ಇಷ್ಟೇ ಸಾಕಾಗುವ ಜಾಗಗಳಿವೆ. ಡ್ಯಾಮೇಜ್ ವಿಷಯದಲ್ಲಿ ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. ಈ ಆಟದಲ್ಲಿ ಒಬ್ಬನ ಪೂರ್ತಿ ಆರೋಗ್ಯ 200. ಕವಚದ ಲೆಕ್ಕ ಸದ್ಯಕ್ಕೆ ಬಿಡೋಣ. ಒಂದು ಗುಂಡಿಗೆ 42 ಹೋಗುವ ಗನ್ ಇದೆ ಅಂದುಕೊಳ್ಳಿ. ಐದು ಗುಂಡು ಬೇಕು. ಅದು 44 ಆದರೂ ಐದೇ ಬೇಕು. ಸ್ಕಿನ್ ಹಾಕಿದ್ದು ದಂಡ. ಆದರೆ 49 ಇದ್ದದ್ದು 50 ಆಯಿತು ಅನ್ನಿ. ಐದು ಬೇಕಿದ್ದ ಕಡೆ ನಾಲ್ಕೇ ಸಾಕು. ಒಂದೇ ಒಂದು ಅಂಕ ಏರಿದ್ದಕ್ಕೆ ಪೂರ್ತಿ ಒಂದು ಗುಂಡು ಉಳಿಯಿತು. ಹಾಗಾಗಿ ‘ಪ್ಲಸ್ ಎಷ್ಟು ದೊಡ್ಡದು’ ಅನ್ನುವುದಕ್ಕಿಂತ ‘ಅದು ಯಾವ ಗಡಿ ದಾಟಿಸುತ್ತದೆ’ ಅನ್ನುವುದು ಮುಖ್ಯ. ದೂರದ ಹೊಡೆದಾಟದಲ್ಲಿ ಗುರಿ ತಪ್ಪುವುದೇ ಜಾಸ್ತಿ, ಹಾಗಾಗಿ ಇದೆಲ್ಲ ಮುಳುಗಿಹೋಗುತ್ತದೆ. ಗೋಡೆ ಮೂಲೆಯಲ್ಲಿ, ಎರಡು ಎಂಪಿ40 ಎದುರುಬದುರಾಗಿ, ಇಬ್ಬರ ಗುರಿಯೂ ಸರಿಯಿದ್ದಾಗ ಮಾತ್ರ ಇದು ಎದ್ದು ಕಾಣುತ್ತದೆ. ಆ ಸೆಮಿಫೈನಲ್ ಕೊನೆಗೊಂಡದ್ದು ಅಂಥ ಜಾಗದಲ್ಲೇ.

ಇದೇ ಪರೀಕ್ಷೆಯಲ್ಲಿ ಯಾರೂ ನಿರೀಕ್ಷಿಸದ ಇನ್ನೊಂದು ವಿಷಯ ಹೊರಬಿತ್ತು. ಹಾಸ್ಟೆಲ್ ಹುಡುಗನ ಹಳೆಯ ಫೋನಿನಲ್ಲೂ ಒಮ್ಮೆ ವಿಡಿಯೊ ತೆಗೆದು ನೋಡಿದರು. ಎದುರಿನವನು ಗ್ಲೂ ವಾಲ್ (ಅಡಗಲು ತಕ್ಷಣ ಎಬ್ಬಿಸುವ ಗೋಡೆ) ಹಾಕಿದ ಕೂಡಲೇ ಅದು ತಡವರಿಸುತ್ತಿತ್ತು. ಒಂದು ಕ್ಷಣ ಚಿತ್ರವೇ ನಿಂತು ಮುಂದೆ ಹಾರುತ್ತಿತ್ತು. ಆ ತಡೆ ಸ್ಕಿನ್ನಿನ ಲಾಭಕ್ಕಿಂತ ದೊಡ್ಡದಾಗಿತ್ತು. “ಹಾಗಾದ್ರೆ ಫೋನೂ ಒಂದೇ ಕೊಡಿ ಎಲ್ಲರಿಗೂ,” ಅಂತ ಪೇಟೆ ತಂಡದವರು ಹಿಡಿದುಕೊಂಡರು. ನ್ಯಾಯವಾದ ಮಾತೇ. ಹದಿನಾರು ತಂಡಕ್ಕೆ ಒಂದೇ ಥರದ ಫೋನ್ ಕೊಡುವ ಶಕ್ತಿ ಕಾಲೇಜಿಗೆ ಇರಲಿಲ್ಲ. ನನ್ನ ನಿಲುವು ಇಷ್ಟು: ಫೋನಿನ ಅಸಮಾನತೆ ಹೊರಗಿನಿಂದ ಬಂದದ್ದು, ಅದಕ್ಕೆ ನಮ್ಮ ಕೈಯಲ್ಲಿ ಸ್ವಿಚ್ ಇಲ್ಲ. ಸ್ಕಿನ್ನಿನ ಅಸಮಾನತೆ ಆಟದೊಳಗೇ ಇದೆ, ಸ್ವಿಚ್ಚೂ ಇದೆ. ಎಲ್ಲ ಸರಿ ಮಾಡಲು ಆಗುವುದಿಲ್ಲ ಅಂತ ಇರುವ ಸ್ವಿಚ್ಚನ್ನೂ ಒತ್ತದೆ ಕೂರುವುದು ಸೋಮಾರಿತನ.

ಮರುಪಂದ್ಯ

ಕೊನೆಯ ರೌಂಡ್ ಮಾತ್ರ ಮತ್ತೆ ಆಡಿಸುವುದೋ, ಇಡೀ ಪಂದ್ಯವೋ? ಕೊನೆಯ ರೌಂಡ್ ಸಾಕು ಅಂತ ಹಾಸ್ಟೆಲ್ ತಂಡ. ಆದರೆ ಆಟ್ರಿಬ್ಯೂಟ್ ಆರೂ ರೌಂಡಿನಲ್ಲಿ ಆನ್ ಇತ್ತಲ್ವಾ? 3–3 ಅನ್ನುವ ಅಂಕಕ್ಕೂ ಅದರ ನೆರಳು ಬಿದ್ದಿದೆ. ಇಡೀ ಪಂದ್ಯ ಆಡಿಸುವುದೆಂದು ತೀರ್ಮಾನವಾಯಿತು. ಪೇಟೆ ತಂಡವನ್ನು ಅನರ್ಹ ಮಾಡುವ ಮಾತು ಬಂದಾಗ ಪಿ.ಟಿ. ಮೇಷ್ಟ್ರೇ ತಡೆದರು. ಇಲ್ಲದ ನಿಯಮ ಮುರಿದ ಅಂತ ಯಾರನ್ನೂ ಹೊರಗೆ ಹಾಕೋಕೆ ಬರಲ್ಲ ಅಂದರು. ಪೇಟೆ ತಂಡ ಮರುಪಂದ್ಯಕ್ಕೆ ಒಪ್ಪಿದ್ದು ಈ ಮಾತಿನಿಂದ ಅಂತ ನನ್ನ ಅಂದಾಜು.

ಮಧ್ಯಾಹ್ನ ಆಟ ಶುರುವಾಯಿತು. ಮೊದಲ ಎರಡು ರೌಂಡಿನಲ್ಲಿ ಪೇಟೆ ನಾಯಕ ಗುರುತೇ ಸಿಗದಷ್ಟು ಕೆಟ್ಟದಾಗಿ ಆಡಿದ. ವರ್ಷಗಟ್ಟಲೆ ವೇಗದ ಎಂಪಿ40ಕ್ಕೆ ಒಗ್ಗಿದ ಬೆರಳು. ಗುಂಡು ಈಗ ಮುಗಿಯುತ್ತೆ ಅಂತ ಕವರ್‌ಗೆ ಓಡುತ್ತಿದ್ದ, ಗನ್ ಇನ್ನೂ ಹೊಡೆಯುತ್ತಿತ್ತು. ರೀಲೋಡ್ ಆಯ್ತೋ ಇಲ್ವೋ ಅಂತ ಕಾಯುತ್ತಿದ್ದ, ಅದು ಆಗಲೇ ಆಗಿರುತ್ತಿತ್ತು. ಆಟ್ರಿಬ್ಯೂಟ್ ಆಫ್ ಮಾಡಿದರೆ ಇಬ್ಬರಿಗೂ ಸಮ ಅಂದುಕೊಂಡಿದ್ದೆವು. ಆದರೆ ಹಾಸ್ಟೆಲ್ ಹುಡುಗರು ದಿನವೂ ಆಡಿದ್ದು ಬರೀ ಗನ್ನಿನಲ್ಲಿ, ಅವರಿಗೆ ಏನೂ ಬದಲಾಗಲಿಲ್ಲ. ಪೇಟೆ ತಂಡಕ್ಕೆ ಹಿಂದಿನ ರಾತ್ರಿಯವರೆಗೆ ಇದ್ದ ಗನ್ನೇ ಬೇರೆಯಾಗಿತ್ತು. ಈ ದೂರು ಅವರು ಆಮೇಲೆ ಹೇಳಿದರು, ಅದರಲ್ಲಿ ಹುರುಳಿತ್ತು.

ಮೂರನೇ ರೌಂಡಿಗೆ ಅವನು ಎಂಪಿ40 ಬಿಟ್ಟ. ಶಾಟ್‌ಗನ್ ಕೊಂಡ, ಮೂಲೆ ಕಾಯುವುದು ಬಿಟ್ಟು ಜೊತೆಗಾರರ ಹಿಂದೆ ನಡೆದ. ಪಂದ್ಯ ಮತ್ತೆ 3–3ಕ್ಕೆ ಬಂತು. ಪೇಟೆ ತಂಡವೇ ಮತ್ತೆ ಗೆದ್ದಿತು.

ಹಾಲಿನಲ್ಲಿ ಈ ಸಲ ಕೂಗಾಟ ಇರಲಿಲ್ಲ. ಹಾಸ್ಟೆಲ್ ನಾಯಕ ಎದ್ದು ಹೋಗಿ ಕೈ ಕುಲುಕಿದ. “ಇವತ್ತು ಸೋತ್ವಿ ಸರ್, ನಿನ್ನೆ ಏನಾಯ್ತೋ ಗೊತ್ತಿಲ್ಲ,” ಅಂತ ನನಗೆ ಹೇಳಿದ. ಗೆದ್ದವರು ಅವರೇ ಆಗಿದ್ದರೂ ಮರುಪಂದ್ಯ ದಂಡ ಆಗಲಿಲ್ಲ. ಆಡಿಸದಿದ್ದರೆ ಆ ಕಪ್ ಮೇಲೆ ‘ದುಡ್ಡಿನ ಗನ್’ ಅನ್ನುವ ಹೆಸರು ಉಳಿದುಬಿಡುತ್ತಿತ್ತು, ಅದನ್ನು ಗೆದ್ದ ಹುಡುಗರಿಗೂ ಅದು ಅನ್ಯಾಯವೇ.

ಮುಂದಿನ ವರ್ಷದ ನಿಯಮ, ಬಟ್ಟೆಯ ತಕರಾರು

2024ರ ಪೋಸ್ಟರಿನಲ್ಲಿ ‘ಗನ್ ಆಟ್ರಿಬ್ಯೂಟ್ ಆಫ್’ ಅಂತ ದಪ್ಪಕ್ಷರದಲ್ಲಿ ಬಂತು. ರೂಮ್ ತೆರೆದ ಕೂಡಲೇ ಸೆಟ್ಟಿಂಗ್ ಪುಟದ ಸ್ಕ್ರೀನ್‌ಶಾಟ್ ಎರಡೂ ನಾಯಕರಿಗೆ ಕಳಿಸಬೇಕು, ಇಬ್ಬರೂ ‘ಸರಿ’ ಅಂದ ಮೇಲೆಯೇ ಪಂದ್ಯ. ಆಮೇಲೆ ದೂರು ಇಲ್ಲ. ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಅಭ್ಯಾಸದ ರೂಮ್. ಪಂದ್ಯಕ್ಕೆ ಒಂದು ವಾರ ಮೊದಲೇ ಅದೇ ಸೆಟ್ಟಿಂಗಿನಲ್ಲಿ ಸಂಜೆ ಹೊತ್ತು ರೂಮ್ ತೆರೆದಿಟ್ಟರು. ಸ್ಕಿನ್ ಇರುವವರ ಬೆರಳು ಪಳಗಲು ಅಷ್ಟು ಸಾಕಾಯಿತು. ಸ್ಕಿನ್ ಹಾಕಿಕೊಂಡೇ ಆಡಿದರು, ಬಣ್ಣ, ಸದ್ದು, ಬೆಂಕಿ ಎಲ್ಲ ಇತ್ತು. ಅದನ್ನು ಕಿತ್ತುಕೊಳ್ಳಲು ಯಾರಿಗೂ ಮನಸ್ಸಿರಲಿಲ್ಲ. ಪರದೆಯ ಮೇಲೆ ನೋಡುವವರಿಗೂ ಅದೇ ಖುಷಿ.

ಬಗೆಹರಿಯದೆ ಉಳಿದದ್ದು ಬಟ್ಟೆ. ಮರುಪಂದ್ಯದ ದಿನವೇ ಹಾಸ್ಟೆಲ್ ತಂಡದ ಒಬ್ಬ ಕೇಳಿದ್ದ: ಪೇಟೆಯವರಲ್ಲಿ ಒಬ್ಬ ತಲೆಯಿಂದ ಕಾಲಿನವರೆಗೆ ಕಪ್ಪು ಹಾಕ್ತಾನೆ, ಕಟ್ಟಡದ ಒಳಗೆ ನಮ್ಮ ಫೋನಲ್ಲಿ ಕಾಣೋದೇ ಇಲ್ಲ, ಅದಕ್ಕೇನು? ಅಂಕಿ ಇಲ್ಲದ ಬಟ್ಟೆಯೂ ಆಟವನ್ನು ಬದಲಿಸುತ್ತದೆ ಅನ್ನುವುದು ಸುಳ್ಳಲ್ಲ. ವಾರ್‌ಝೋನ್ ಆಟದಲ್ಲಿ ರೋಜ್ ಅನ್ನುವ ಪಾತ್ರದ ಕಪ್ಪು ಉಡುಪಿನ ಮೇಲೆ ಇದೇ ಗಲಾಟೆ ಆಗಿತ್ತು. ಕತ್ತಲ ಮೂಲೆಯಲ್ಲಿ ನಿಂತರೆ ಮನುಷ್ಯ ಇದ್ದಾನೆ ಅಂತಲೇ ಗೊತ್ತಾಗುತ್ತಿರಲಿಲ್ಲ. 2021ರಲ್ಲಿ ತಯಾರಕರು ಅದನ್ನು ತಿಳಿಯಾಗಿಸಿದರು, ಒಂದೇ ಸಲಕ್ಕೆ ಅದೂ ಮುಗಿಯಲಿಲ್ಲ. 2023ರ ಕೊನೆಯಲ್ಲಿ ಕಾಲ್ ಆಫ್ ಡ್ಯೂಟಿಯಲ್ಲಿ ಗಯಾ ಎಂಬ ಮರದ ಕೊಂಬೆಯಂಥ ಸ್ಕಿನ್ ಬಗ್ಗೆಯೂ ದೂರು ಬಂತು. ಕೊಂಬೆಗಳ ನಡುವೆ ಆಚೆ ಬದಿಯೇ ಕಾಣುತ್ತಿತ್ತು. ದುಡ್ಡು ಕೊಟ್ಟು ಕೊಂಡ ಸ್ಕಿನ್ ಆದರೂ ಸ್ವಲ್ಪ ಕಾಲ ಅದನ್ನು ನಿಲ್ಲಿಸಬೇಕಾಯಿತು.

ತಯಾರಕರು ಬಣ್ಣ ತಿದ್ದಬಲ್ಲರು. ತಾಲೂಕು ಕಾಲೇಜಿನ ಕೈಯಲ್ಲಿ ಇರುವುದು ನಿಯಮ ಒಂದೇ. ಎಲ್ಲರೂ ಆಟ ಶುರುವಿನಲ್ಲಿ ಸಿಗುವ ಸಾದಾ ಬಟ್ಟೆಯಲ್ಲೇ ಬರಲಿ ಅಂತ ಒಮ್ಮೆ ಯೋಚಿಸಿದರು. ಎರಡೂ ಕಡೆಯಿಂದ ವಿರೋಧ ಬಂತು. ಹಾಸ್ಟೆಲ್ ತಂಡವೇ ಜಾಸ್ತಿ ಜಗಳವಾಡಿತು, ಯಾಕೆಂದರೆ ನಾಲ್ವರೂ ಒಂದೇ ಥರದ ಹಳದಿ ಅಂಗಿ ಕೂಡಿಸಿಕೊಂಡಿದ್ದರು. ಅದು ಅವರ ಜೆರ್ಸಿ. ಕೊನೆಗೆ ಒಂದು ಕಚ್ಚಾ ಪದ್ಧತಿ ಮಾಡಿಕೊಂಡರು. ತಕರಾರು ಬಂದ ಬಟ್ಟೆ ಹಾಕಿದವನನ್ನು ರೂಮಿನಲ್ಲಿ ಒಂದು ಕತ್ತಲ ಕೋಣೆಯಲ್ಲಿ ನಿಲ್ಲಿಸುವುದು. ಅಲ್ಲಿರುವ ಫೋನುಗಳಲ್ಲೇ ಕಡಿಮೆ ಬೆಲೆಯದನ್ನು ತೆಗೆದುಕೊಂಡು ಮೂವರು ಅಂಪೈರುಗಳು ನೋಡುವುದು. ಇಬ್ಬರಿಗೆ ತಟ್ಟನೆ ಕಾಣದಿದ್ದರೆ ಆ ಬಟ್ಟೆ ಆ ಪಂದ್ಯಕ್ಕೆ ಇಲ್ಲ.

ಇದು ವಿಜ್ಞಾನವಲ್ಲ ಅಂತ ಭೌತಶಾಸ್ತ್ರದ ಮೇಡಂ ಈಗಲೂ ಗೊಣಗುತ್ತಾರೆ. ಅಂಪೈರುಗಳ ಕಣ್ಣು ಒಂದೇ ಥರ ಇರುವುದಿಲ್ಲ, ಹಾಲಿನ ಬೆಳಕು ಹೊತ್ತಿಗೊಂದು ಥರ. 2024ರಲ್ಲಿ ಒಂದು ಕಪ್ಪು ಬಟ್ಟೆ ಬೆಳಿಗ್ಗೆಯ ಪಂದ್ಯದಲ್ಲಿ ಪಾಸಾಗಿ, ಮಧ್ಯಾಹ್ನ ಕಿಟಕಿ ಪರದೆ ಎಳೆದ ಮೇಲೆ ಫೇಲಾಯಿತು. ಹಾಕಿದ್ದ ಹುಡುಗ ಸುಮ್ನೆ ನಕ್ಕು ಬಿಳಿ ಅಂಗಿ ಬದಲಿಸಿಕೊಂಡು ಆಡಿದ. ಮುಂದಿನ ಸಲ ಪರೀಕ್ಷೆ ಮಾಡುವಾಗ ಕಿಟಕಿ ಪರದೆ ಎಳೆದೇ ಇರಬೇಕು ಅಂತ ನಿಯಮದಲ್ಲಿ ಒಂದು ಸಾಲು ಸೇರಿಸಿದ್ದಾರೆ.